ಸಿನಿಮಾ ಓದುವ ಮಗಳು, ನೋಡಲು ಕಲಿತ ನಾವು

(ನಮ್ಮ ಕನ್ನಡ ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೈಕಿನ ಮುಂದೆ ನಿಂತವರು ಒಬ್ಬರಾದರೂ ಈ ಮಾತುಗಳನ್ನು ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನ ಮೇಲೆ ಕೂತು, ಬೇಕಾದಷ್ಟು ಜಗಳವಾಡಿ ಬರೆದಿದ್ದೇವೆ. ಆದ್ದರಿಂದ ಇಲ್ಲಿ ಬರುವ "ನಾವು" ಎಂಬುದು ದೊಡ್ಡಸ್ತಿಕೆಯ ಬಹುವಚನವಲ್ಲ, ಲೆಕ್ಕಕ್ಕೆ ಸರಿಯಾದ ದ್ವಿವಚನ ಎಂದು ತಾವು ತಿಳಿಯಬೇಕು.

ಕೂಟದವರು ಫೋನು ಮಾಡಿ, "ನಿಮ್ಮ ಮಗಳು ಸಿನಿಮಾ ಓದ್ತಿದ್ದಾಳಂತಲ್ಲ, ಅದರ ಬಗ್ಗೆ ನಾಲ್ಕು ಮಾತು ಆಡಿ" ಎಂದು ಕೇಳಿದರು. ಆ "ಅಂತಲ್ಲ" ನಮಗೆ ಹೊಸದಲ್ಲ. ಮಗ ಕಂಪ್ಯೂಟರ್ ಓದಿದರೆ "ಓದ್ತಿದ್ದಾನೆ" ಎನ್ನುತ್ತೇವೆ, ಮಗಳು ಮೆಡಿಕಲ್ ಓದಿದರೆ "ಓದ್ತಿದ್ದಾಳೆ" ಎನ್ನುತ್ತೇವೆ. ಸಿನಿಮಾ ಓದಿದರೆ ಮಾತ್ರ ಒಂದು "ಅಂತಲ್ಲ" ಸೇರಿಕೊಳ್ಳುತ್ತದೆ. ಇದು ಯಾರನ್ನೂ ದೂರುವ ಮಾತಲ್ಲ. ಆ "ಅಂತಲ್ಲ" ಮೊದಲು ಹುಟ್ಟಿದ್ದು ನಮ್ಮ ಮನೆಯಲ್ಲೇ.

2022ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದ ಮಗಳು ಬಿಸಿಬೇಳೆಭಾತಿಗೆ ತುಪ್ಪ ಹಾಕಿಕೊಳ್ಳುತ್ತ, "ನಾನು ಮೇಜರ್ ಬದಲಾಯಿಸಿದೆ" ಎಂದಳು. ಬದಲಾಯಿಸಲೇ ಎಂದು ಕೇಳಲಿಲ್ಲ, ಬದಲಾಯಿಸಿದೆ ಎಂದಳು. ಜೀವಶಾಸ್ತ್ರ ಬಿಟ್ಟು ಚಲನಚಿತ್ರ. ಅಂದು ನಮ್ಮ ಮನೆಯಲ್ಲಿ ಊಟ ಅಷ್ಟಕ್ಕೇ ಮುಗಿಯಿತು. ಆ ಮೇಲೆ ನಾಲ್ಕೈದು ತಿಂಗಳು ಫೋನಿನಲ್ಲಿ ನ್ಯೂಯಾರ್ಕಿನಲ್ಲಿ ಚಳಿ ಎಷ್ಟು, ನ್ಯೂಜೆರ್ಸಿಯಲ್ಲಿ ಚಳಿ ಎಷ್ಟು ಎಂಬುದನ್ನು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಎರಡೂ ಊರುಗಳ ನಡುವೆ ಇರುವುದು ಒಂದು ನದಿ ಅಷ್ಟೆ. ಚಳಿಯಲ್ಲಿ ಎಷ್ಟು ವ್ಯತ್ಯಾಸ ಇದ್ದೀತು?

ಅವಳ ಸಿನಿಮಾ ಹುಚ್ಚಿನ ದಿನಚರಿಯನ್ನು ಸ್ವಲ್ಪ ಹೇಳಬೇಕು. ಇಂಥ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು, ಗುರುತು ಹಿಡಿಯಲು ಅನುಕೂಲವಾದೀತು. ಚಿತ್ರ ಮುಗಿದು ಹೆಸರುಗಳು ಓಡತೊಡಗಿದಾಗ ನಾವು ಪಾರ್ಕಿಂಗ್ ಲಾಟಿನಲ್ಲಿ ಕಾರು ಹುಡುಕುತ್ತಿರುತ್ತೇವೆ. ಅವಳು ಕೊನೆಯ ಹೆಸರು ಹೋಗುವವರೆಗೆ ಕುರ್ಚಿ ಬಿಡುವುದಿಲ್ಲ. ಟಿಕೇಟಿನ ಚೂರುಗಳನ್ನೆಲ್ಲ ಮೈಸೂರುಪಾಕಿನ ಖಾಲಿ ಡಬ್ಬಿಯಲ್ಲಿ ಕೂಡಿಟ್ಟಿದ್ದಾಳೆ. ಹೌಸ್ಟನ್ ಬೀದಿಯ ಫಿಲ್ಮ್ ಫೋರಮ್ ಎಂಬ ಚಿತ್ರಮಂದಿರದಲ್ಲಿ ಮೂರೂವರೆ ಗಂಟೆಯ 'ಸೆವೆನ್ ಸಮುರಾಯ್' ನೋಡಿ, ಊಟ ಮರೆತು, ಕೊನೆಯ ರೈಲು ಹಿಡಿದು ಮನೆಗೆ ಬರುತ್ತಾಳೆ. ಕೋಣೆಯ ಗೋಡೆಗೆ 'ಸ್ಟಾರ್ ವಾರ್ಸ್' ಪೋಸ್ಟರು, ಮೂಲೆಯಲ್ಲಿ ಗುಂಡಿ ಒತ್ತಿದರೆ ಬೆಳಗುವ ಪ್ಲಾಸ್ಟಿಕ್ ಕತ್ತಿ. "ಇಪ್ಪತ್ತು ವರ್ಷದ ಹುಡುಗಿಗೆ ಆಟದ ಕತ್ತಿ ಏಕೆ?" ಎಂದು ರೇಗಿದರೆ ಅದಕ್ಕೂ ಒಂದು ಪಾಠ ಹೇಳುತ್ತಾಳೆ. ಜಾರ್ಜ್ ಲ್ಯೂಕಸ್ ಆ ಚಿತ್ರ ಮಾಡುವಾಗ ಜಪಾನಿನ ಕುರೊಸಾವಾ 1958ರಲ್ಲಿ ತೆಗೆದ 'ಹಿಡನ್ ಫೋರ್ಟ್ರೆಸ್' ಅವರ ಮನಸ್ಸಿನಲ್ಲಿತ್ತಂತೆ. ಅದರಲ್ಲಿ ಸದಾ ಕಚ್ಚಾಡುವ ಇಬ್ಬರು ರೈತರೇ ಇದರಲ್ಲಿ ಕಚ್ಚಾಡುವ ಎರಡು ಯಂತ್ರಗಳಾದರಂತೆ. ನಾವು ಬರೀ ಸದ್ದುಗದ್ದಲ ಎಂದುಕೊಂಡಿದ್ದರ ಹಿಂದೆ ಒಂದು ವಂಶವೃಕ್ಷವೇ ಇತ್ತು.

ಒಂದು ಭಾನುವಾರ ಅವಳಿಗೆ 'ನಾಗರಹಾವು' ತೋರಿಸಿದೆವು. 1972ರ ಆ ಚಿತ್ರದಲ್ಲಿ ಚಾಮಯ್ಯ ಮೇಷ್ಟರು ಬಂದೊಡನೆ ನಮ್ಮ ಕಣ್ಣು ತೇವವಾಗುವುದು ಐವತ್ತು ವರ್ಷದ ವಾಡಿಕೆ. ಅವಳು ಮಾತ್ರ ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, "ಚಿತ್ರದುರ್ಗದ ಆ ಬಂಡೆಗಳ ಮೇಲೆ ಕ್ಯಾಮೆರಾ ಹೇಗೆ ಹತ್ತಿಸಿದರು? ಇಲ್ಲಿ ಮೇಷ್ಟರ ಮುಖ ತೋರಿಸದೆ ರಾಮಾಚಾರಿಯ ಮುಖ ಏಕೆ ತೋರಿಸಿದರು?" ಎಂದು ಕೇಳತೊಡಗಿದಳು. ಮೊದಲು ರೇಗಿತು. ಆಮೇಲೆ ಯೋಚಿಸಿದೆವು, ಪುಟ್ಟಣ್ಣ ಕಣಗಾಲ್ ಅವರು ನಮ್ಮನ್ನು ಅಳಿಸಿದ್ದು ಹೇಗೆ ಎಂದು ಐವತ್ತು ವರ್ಷದಲ್ಲಿ ನಾವು ಒಮ್ಮೆಯೂ ಕೇಳಿರಲಿಲ್ಲ.

ಹುಚ್ಚು ಎಂದೆವು. ಆದರೆ ಈ ಸಭೆಯಲ್ಲಿ ಎದೆ ಮುಟ್ಟಿಕೊಂಡು ಹೇಳಿ, ನಮಗೆ ಈ ಹುಚ್ಚು ಇರಲಿಲ್ಲವೆ? ಟೆಂಟ್ ಸಿನಿಮಾದ ನೆಲದ ಮೇಲೆ ಚಾಪೆ ಹಾಸಿ, ಮುಂದೆ ಕೂತವರ ತಲೆಯ ಸಂದಿಯಲ್ಲಿ ರಾಜಕುಮಾರ್ ಅವರನ್ನು ನೋಡಿದವರು ನಾವು. ಕಡಲೆಕಾಯಿ ತಿನ್ನುತ್ತ, ರೀಲು ಕತ್ತರಿಸಿದಾಗ ಶಿಳ್ಳೆ ಹಾಕುತ್ತ, ಹಾಡಿನ ಪುಸ್ತಕ ಬಾಯಿಪಾಠ ಮಾಡುತ್ತ ಬೆಳೆದವರು. 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಸುಮ್ಮನೆ ಓಡಲಿಲ್ಲ, ನಮ್ಮಂಥವರ ಅಪ್ಪ ಚಿಕ್ಕಪ್ಪಂದಿರು ಮತ್ತೆ ಮತ್ತೆ ನೋಡಿ ಓಡಿಸಿದರು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರ ಕತೆಗಳನ್ನು ನೀವೂ ಕೇಳಿರುತ್ತೀರಿ. ಸಿನಿಮಾ ಟೈಮ್‌ಪಾಸ್ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ನಮ್ಮ ವಿಷಯದಲ್ಲಿ ಅದು ಎಂದೂ ಬರೀ ಟೈಮ್‌ಪಾಸ್ ಆಗಿರಲಿಲ್ಲ.

1994ರಲ್ಲಿ ನಾವು ಈ ದೇಶಕ್ಕೆ ಬಂದಾಗ ಕೂಟದ ಸದಸ್ಯರ ನಡುವೆ ವಿಡಿಯೋ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಊರಿನಿಂದ ತಂದ ಕ್ಯಾಸೆಟ್ಟು ಪಾಲ್ ಪದ್ಧತಿಯದು, ಇಲ್ಲಿನ ವಿಸಿಆರ್ ಬೇರೆ ಪದ್ಧತಿಯದು, ಹಾಕಿದರೆ ಬರೀ ಗೆರೆಗಳು. ಅದನ್ನು ಬದಲಾಯಿಸಿಕೊಟ್ಟ ಪುಣ್ಯಾತ್ಮರ ಮನೆಯಲ್ಲಿ ಶನಿವಾರ ರಾತ್ರಿ ಹದಿನೈದು ಜನ ಸೇರಿ, ಪ್ರತಿಯಿಂದ ಪ್ರತಿ ತೆಗೆದು ಮಾಸಿದ ಚಿತ್ರವನ್ನು, ಹೀರೋ ಯಾರು, ಹೀರೋಯಿನ್ ಯಾರು ಎಂದು ದನಿಯಿಂದಲೇ ಗುರುತಿಸುತ್ತ ನೋಡುತ್ತಿದ್ದೆವು. ಆ ಹದಿನೈದು ಜನರಲ್ಲಿ ಹಲವರು ಈ ಸಭೆಯಲ್ಲೇ ಇದ್ದೀರಿ. ಕನ್ನಡ ಕೇಳುವ ಹಸಿವೆಗೆ ಆಗ ಸಿನಿಮಾ ಅನ್ನವಾಗಿತ್ತು. ಆ ಅನ್ನ ಬೇಯಿಸುವುದನ್ನು ಕಲಿಯುತ್ತೇನೆ ಎಂದು ಮಗಳು ಹೊರಟಾಗ ಮಾತ್ರ ನಾವು ಮುಖ ತಿರುಗಿಸಿದೆವು.

ಮುಖ ಮತ್ತೆ ಇತ್ತ ತಿರುಗಿದ್ದು 2024ರಲ್ಲಿ. ಒಂದು ರಾತ್ರಿ ಹನ್ನೊಂದು ಗಂಟೆಗೆ ಅವಳ ಫೋನು. "ಅಮ್ಮ, 'ಘಟಶ್ರಾದ್ಧ' ನೋಡಿದ್ದೀಯಾ?" ಆ ಹೊತ್ತಿನಲ್ಲಿ ಆ ಹೆಸರು ಕೇಳಿ ಎದೆ ಧಸಕ್ಕೆಂದಿತು. ವಿಷಯ ಇಷ್ಟು. ಗಿರೀಶ ಕಾಸರವಳ್ಳಿಯವರ 1977ರ ಆ ಕಪ್ಪುಬಿಳುಪು ಚಿತ್ರವನ್ನು ಹೊಸದರಂತೆ ಸರಿಪಡಿಸಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದರು. ನಾವು ಅದನ್ನು ನೋಡಿದ್ದೆವು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಬರುತ್ತಿದ್ದ ಕಾಲದಲ್ಲಿ, ಅರ್ಧ ಮನೆ ತೂಕಡಿಸುತ್ತಿರುವಾಗ ನೋಡಿದ್ದು. ಅನಂತಮೂರ್ತಿಯವರ ಕತೆ, ಕಾರಂತರ ಸಂಗೀತ. ವೇದಪಾಠಶಾಲೆಗೆ ಬಂದ ನಾಣಿ ಎಂಬ ಚಿಕ್ಕ ಹುಡುಗನ ಕಣ್ಣಿನಿಂದ ಯಮುನಾ ಎಂಬ ವಿಧವೆಯ ಬಾಳನ್ನು ತೋರಿಸುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುವ ಕತೆ. ನಮ್ಮಲ್ಲೊಬ್ಬರ ಊರು ತೀರ್ಥಹಳ್ಳಿ ಸೀಮೆ. ಅಲ್ಲಿನ ಹಿರಿಯರಿಗೆ ಆ ಚಿತ್ರ ಇಷ್ಟವಾಗಿರಲಿಲ್ಲ, ಕನ್ನಡಿ ಯಾರಿಗೆ ಇಷ್ಟ?

ಮಗಳು ಫೋನಿನಲ್ಲಿ ಒಂದೊಂದಾಗಿ ಹೆಸರು ಎಣಿಸುತ್ತ ಹೋದಳು. ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಮಣಿಪಾಲದಲ್ಲಿ ಬಿ.ಫಾರ್ಮ ಓದಿದ್ದವರು. ಔಷಧದ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. "ಅವರ ಅಪ್ಪ ಅಮ್ಮನೂ ನಿಮ್ಮ ಹಾಗೇ ಚಳಿಯ ಬಗ್ಗೆ ಮಾತ್ರ ಮಾತಾಡಿರಬಹುದು" ಎಂದು ಒಂದು ಮಾತು ಕುಟುಕಿದಳು. ಹರೆಯದಲ್ಲೇ ಮಾಡಿದ ಆ ಮೊದಲ ಕಥಾಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು. ಮುಂದೆ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ' ಚಿತ್ರಗಳಿಗೂ ಅದೇ ಗೌರವ ಬಂತು.

ಆ ಚಿತ್ರವನ್ನು ಉಳಿಸಿದವರು ಯಾರು? ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿತ್ತು. ಕೆಲಸಕ್ಕೆ ಕೈಹಾಕಿದ್ದು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅದನ್ನು ಕಟ್ಟಿದ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಕೂಡ ಪುಣೆಯ ಅದೇ ಸಂಸ್ಥೆಯಲ್ಲಿ ಸಿನಿಮಾ ಓದಿದವರು. ಜೊತೆಗೆ ನಿಂತದ್ದು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ 1990ರಲ್ಲಿ ಆರಂಭಿಸಿದ ಫಿಲ್ಮ್ ಫೌಂಡೇಶನ್. ಅವರು ನ್ಯೂಯಾರ್ಕಿನ ಲಿಟ್ಲ್ ಇಟಲಿಯಲ್ಲಿ, ಆಸ್ತಮಾದಿಂದ ಆಟವಾಡಲಾರದೆ ಸಿನಿಮಾ ನೋಡುತ್ತ ಬೆಳೆದ ಹುಡುಗ, 1960ರ ದಶಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ವಿದ್ಯಾರ್ಥಿ. ಚಿತ್ರದ ರಿಪೇರಿ ನಡೆದದ್ದು ಇಟಲಿಯ ಬೊಲೊನ್ಯ ನಗರದ ಪ್ರಯೋಗಾಲಯದಲ್ಲಿ. ಅದಕ್ಕೆ ಹಣ ಕೊಟ್ಟದ್ದು ಹಾಬ್ಸನ್ ಲ್ಯೂಕಸ್ ಕುಟುಂಬದ ಪ್ರತಿಷ್ಠಾನ. ಆ ಲ್ಯೂಕಸ್ ಬೇರೆ ಯಾರೂ ಅಲ್ಲ, ಲಾಸ್ ಏಂಜಲೀಸಿನಲ್ಲಿ ಸಿನಿಮಾ ಓದಿ, 'ಘಟಶ್ರಾದ್ಧ' ಬಂದ ಅದೇ 1977ರಲ್ಲಿ 'ಸ್ಟಾರ್ ವಾರ್ಸ್' ಬಿಡುಗಡೆ ಮಾಡಿದ ಜಾರ್ಜ್ ಲ್ಯೂಕಸ್.

"ಅಪ್ಪಾ, ನೀವು ಬೈದ ಆ ಪ್ಲಾಸ್ಟಿಕ್ ಕತ್ತಿಯ ದುಡ್ಡು ನಿಮ್ಮ ಊರಿಗೇ ಹೋಯಿತು" ಎಂದು ನಕ್ಕಳು. ಲೆಕ್ಕ ಅಷ್ಟು ನೇರವಲ್ಲ ಎಂದು ನಮಗೂ ಗೊತ್ತು. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ಮನೆಗಳ ನಾಲ್ಕು ಸಿನಿಮಾ ಹುಚ್ಚರು, ಕನ್ನಡ ಬಾರದ ಮೂವರು ಸೇರಿ, ಮಲೆನಾಡಿನ ಒಂದು ಚಿತ್ರ ಅಳಿಯದಂತೆ ನೋಡಿಕೊಂಡಿದ್ದರು. ಕನ್ನಡದ ಹೆಸರಿನಲ್ಲಿ ವರ್ಷ ವರ್ಷ ಸಭೆ ಸೇರುವ ನಾವು ಆ ಚಿತ್ರ ಇದೆಯೋ ಇಲ್ಲವೋ ಎಂದು ಕೂಡ ವಿಚಾರಿಸಿರಲಿಲ್ಲ.

ಅಳಿಯುವುದು ಎಷ್ಟು ಸುಲಭ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಕನ್ನಡದಲ್ಲಿ ಬಿಡುಗಡೆಯಾದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934ರ ಮಾರ್ಚ್ 3ರಂದು ತೆರೆಕಂಡದ್ದು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಹಳೆಯ ಫಿಲ್ಮುಗಳಲ್ಲಿದ್ದ ಬೆಳ್ಳಿಯ ಆಸೆಗೆ ರೀಲುಗಳನ್ನೇ ಕರಗಿಸಿದ್ದುಂಟು, ಶೆಖೆಗೆ ಸಿಕ್ಕಿ ಅಂಟಿಕೊಂಡು ಹಾಳಾದದ್ದುಂಟು, ಬೆಂಕಿಗೆ ಹೋದದ್ದುಂಟು. ಎಷ್ಟೋ ಸಲ ಕಾರಣ ಇನ್ನೂ ಸರಳ. ಅದನ್ನು ಇಟ್ಟುಕೊಳ್ಳಬೇಕು ಎಂದು ಯಾರಿಗೂ ತೋಚಲಿಲ್ಲ.

ದೇಶದ ಮಾತು ಹಾಗಿರಲಿ, ನಮ್ಮ ಮನೆಯ ಮಾತಿಗೆ ಬರುತ್ತೇವೆ.

1998ರ ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಒಂದು ವಿಡಿಯೋ ಕ್ಯಾಮೆರಾ ಕೊಂಡೊಯ್ದಿದ್ದೆವು. ಮೂರು ಟೇಪು ತುಂಬ ಚಿತ್ರ ತೆಗೆದು ತಂದೆವು. ಒಂದೆರಡು ಸಲ ನೋಡಿ, ಗರಾಜಿನ ಅಟ್ಟಕ್ಕೆ ಹಾಕಿದೆವು. ಅಲ್ಲಿನ ಬೇಸಗೆಯ ಕಾವು, ಚಳಿಗಾಲದ ಹಿಮ ಎರಡನ್ನೂ ಆ ಪೆಟ್ಟಿಗೆ ಇಪ್ಪತ್ತೈದು ವರ್ಷ ತಿಂದಿತು. 2001ರಲ್ಲಿ ಊರಿನಲ್ಲಿ ತಾಯಿ ತೀರಿಕೊಂಡರು. ಮಗಳು ಹುಟ್ಟಿದ್ದು 2003ರಲ್ಲಿ, ಅವಳು ಅಜ್ಜಿಯನ್ನು ಕಂಡಿಲ್ಲ.

ಕಳೆದ ಬೇಸಗೆಯಲ್ಲಿ ಅಟ್ಟದಲ್ಲಿ ಏನೋ ಹುಡುಕುತ್ತಿದ್ದವಳಿಗೆ ಆ ಪೆಟ್ಟಿಗೆ ಸಿಕ್ಕಿತು. ಅಂಗಡಿಯವರೊಬ್ಬರು ಬೂಸಲು ಹಿಡಿದಿದೆ, ಆಗುವುದಿಲ್ಲ ಎಂದು ಹಿಂದಿರುಗಿಸಿದರು. ಅವಳು ಬಿಡಲಿಲ್ಲ. ಎಲ್ಲಿಂದಲೋ ಹಳೆಯ ಯಂತ್ರ ತಂದು, ಮೆತ್ತಗೆ ಒರೆಸಿ, ಸುತ್ತಿ, ಬಿಚ್ಚಿ, ಎರಡು ವಾರ ಅದರ ಮುಂದೆಯೇ ಕೂತಳು. ಎರಡು ಟೇಪು ಹೋಗಿಯೇಬಿಟ್ಟಿದ್ದವು. ಮೂರನೆಯದರಲ್ಲಿ ಹನ್ನೊಂದು ನಿಮಿಷ ಉಳಿದಿತ್ತು.

ಆ ಹನ್ನೊಂದು ನಿಮಿಷವನ್ನು ಮೂವರೂ ಕೂತು ನೋಡಿದೆವು. ಮನೆಯ ಮುಂಬಾಗಿಲು. ಅಂಗಳದಲ್ಲಿ ಒಣಹಾಕಿದ ಅಡಿಕೆ. ಫೋಟೋಕ್ಕೆ ನಿಂತಂತೆ ಉಸಿರು ಬಿಗಿಹಿಡಿದು ಸಾಲಾಗಿ ನಿಂತ ಅತ್ತಿಗೆ, ಮಾವ, ಮಕ್ಕಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಮ್ಮ ಬಂದರು. "ಇದರಲ್ಲಿ ಮಾತೂ ಬರ್ತದೇನೋ?" ಎಂದರು. "ಬರ್ತದಮ್ಮ, ಮಾತಾಡು." "ಎಂತ ಮಾತಾಡೋದು, ಊಟಕ್ಕೆ ಏಳಿ" ಎಂದು ಒಳಗೆ ಹೋದರು. ಕ್ಯಾಮೆರಾ ಅವರ ಹಿಂದೆ ಹೋಗಲಿಲ್ಲ. ಅದು ತಿರುಗಿ ಅಂಗಳದಲ್ಲಿ ನಿಂತಿದ್ದ ಬಾಡಿಗೆ ಅಂಬಾಸಡರ್ ಕಾರನ್ನು ಹಿಂದಿನಿಂದ, ಮುಂದಿನಿಂದ ತೋರಿಸಿತು. ಆದರೆ ದನಿ ಮಾತ್ರ ಬರುತ್ತಲೇ ಇತ್ತು. ಒಳಗಿನಿಂದ ಅಮ್ಮನ ದನಿ: "ಮಜ್ಜಿಗೆಗೆ ಉಪ್ಪು ಹಾಕಿದ್ದೇನೆ, ಮತ್ತೆ ಹಾಕ್ಬೇಡಿ."

ಮಗಳು ಚಿತ್ರ ನಿಲ್ಲಿಸಿದಳು. "ಅಪ್ಪಾ, ಕಾರು ನಲವತ್ತು ಸೆಕೆಂಡು ಇದೆ. ಅಜ್ಜಿ ಒಂಬತ್ತು ಸೆಕೆಂಡು." ಬೈಗುಳದ ದನಿ ಅಲ್ಲ. ಅವಳಿಗೆ ಎಣಿಸುವ ಅಭ್ಯಾಸ, ಎಣಿಸಿ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿಯ ದನಿ ಹೇಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು. ನಮ್ಮಲ್ಲಿ ಅಂದು ಕ್ಯಾಮೆರಾ ಹಿಡಿದಿದ್ದವರು ಎದ್ದು ಅಡಿಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತರು.

ಸಿನಿಮಾ ಓದುವುದೆಂದರೆ ಏನು ಎಂದು ಅಂದು ನಮಗೆ ತಿಳಿಯಿತು. ಎಲ್ಲಿ ನೋಡಬೇಕು, ಯಾರ ಮೇಲೆ ಎಷ್ಟು ಹೊತ್ತು ಕಣ್ಣಿಡಬೇಕು ಎಂಬುದನ್ನು ಕಲಿಯುವ ಓದು ಅದು. ನಾವು ಇಷ್ಟು ವರ್ಷ ಓದಿದವರು, ಅದೊಂದನ್ನು ಓದಿರಲಿಲ್ಲ.

ಅದಾದ ಮೇಲೆ ಅವಳು ನಮಗೆ ಸ್ಕಾರ್ಸೇಸಿಯವರ 'ಇಟಾಲಿಯನ್ ಅಮೆರಿಕನ್' ಎಂಬ ಚಿತ್ರ ತೋರಿಸಿದಳು. 1974ರದು, ಒಂದು ಗಂಟೆಗೂ ಕಡಿಮೆ. ಅದರಲ್ಲಿ ಹೊಡೆದಾಟವಿಲ್ಲ, ಗುಂಡಿಲ್ಲ. ತನ್ನ ಅಪ್ಪ ಅಮ್ಮನನ್ನು ಅವರ ಮನೆಯ ಸೋಫಾದ ಮೇಲೆ ಕೂರಿಸಿ ಮಾತಾಡಿಸಿದ್ದಾರೆ. ಸಿಸಿಲಿಯಿಂದ ಬಂದ ಹಿರಿಯರು, ಚಿಕ್ಕ ಮನೆಯಲ್ಲಿ ತುಂಬಿದ ಸಂಸಾರ, ಗಂಡ ಹೇಳಿದ್ದನ್ನು ಹೆಂಡತಿ ತಿದ್ದುವುದು. ಅಮ್ಮ ಅಡಿಗೆ ಮಾಡುವುದೂ ಇದೆ, ಕೊನೆಗೆ ಹೆಸರುಗಳ ಜೊತೆ ಆಕೆಯ ಸಾಸಿನ ಪಾಕವಿಧಾನವೇ ತೆರೆಯ ಮೇಲೆ ಬರುತ್ತದೆ. ಹುಳಿಯ ಬದಲು ಟೊಮೇಟೊ ಸಾಸು ಅಷ್ಟೆ, ಉಳಿದದ್ದೆಲ್ಲ ನಮ್ಮ ಮನೆಯೇ.

ನಾವು ಅಂದುಕೊಂಡಂತೆಯೇ ಮುಂದಿನ ವಾರ ಅವಳು ಕ್ಯಾಮೆರಾ ತಂದು ನಮ್ಮ ಅಡಿಗೆಮನೆಯಲ್ಲಿ ನಿಲ್ಲಿಸಿದಳು. ಸಾರಿನಪುಡಿ ಎಷ್ಟು ಎಂದು ಕೇಳಿದಳು, ಕೈಯಳತೆ ಎಂದೆವು. ಕೈ ತೋರಿಸಿ ಎಂದಳು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಎರಡು ಸೂಟ್‌ಕೇಸಿನೊಂದಿಗೆ ಇಳಿದ ದಿನ, ಮೊದಲ ಹಿಮ, ನಿಮಿಷ ಎಣಿಸಿ ಊರಿಗೆ ಮಾಡುತ್ತಿದ್ದ ಫೋನು. 2001ರಲ್ಲಿ ಸುದ್ದಿ ಬಂದಾಗ ಹೊರಟರೂ ಹೊತ್ತಿಗೆ ತಲುಪಲಾಗದೆ, ಅಮ್ಮನ ಮುಖವನ್ನು ಕೊನೆಯ ಸಲ ನೋಡಲಾಗದೆ ಹೋದದ್ದನ್ನು ನಾವು ಮಗಳಿಗೆ ಅದುವರೆಗೆ ಹೇಳಿರಲಿಲ್ಲ. ಅದನ್ನು ಕ್ಯಾಮೆರಾಕ್ಕೆ ಹೇಳಿದೆವು. ಕ್ಯಾಮೆರಾದ ಹಿಂದೆ ಅವಳಿದ್ದಳು.

ಹಾಗೆಂದು ಎಲ್ಲ ಚಿಂತೆಯೂ ಕರಗಿತು ಎಂದು ಹೇಳಿದರೆ ಸುಳ್ಳಾದೀತು. 2023ರಲ್ಲಿ ಹಾಲಿವುಡ್ಡಿನ ಬರಹಗಾರರು, ನಟರು ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ದಿನವೂ ಆ ಸುದ್ದಿ ಓದಿ ನಿಟ್ಟುಸಿರು ಬಿಟ್ಟವರು ನಾವು. ಅವಳ ಹೊಟ್ಟೆಪಾಡು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಈಗ ಆ ಪ್ರಶ್ನೆಯನ್ನು ಮೂವರೂ ಸೇರಿ ಕೇಳಿಕೊಳ್ಳುತ್ತೇವೆ, ಮೊದಲು ಇಬ್ಬರು ಕೇಳಿ ಒಬ್ಬಳು ಉತ್ತರ ಹೇಳಬೇಕಿತ್ತು.

ಹಳ್ಳಿಯವರಿಗೆ ಒಳ್ಳೆಯ ಸಿನಿಮಾ ಅರ್ಥವಾಗದು ಎನ್ನುತ್ತಿದ್ದ ಕಾಲದಲ್ಲಿ, ಕಾಸರವಳ್ಳಿಯವರ ಸೋದರಮಾವ ಕೆ.ವಿ. ಸುಬ್ಬಣ್ಣನವರು ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ಮೂಲಕ 1973ರಲ್ಲಿ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರ ನೋಡಿ ಚರ್ಚೆ ಮಾಡಿದರು. ಇಷ್ಟೆಲ್ಲ ಅನುಕೂಲ ಇರುವ ನಾವು ಅದರಲ್ಲಿ ಕಾಲು ಪಾಲಾದರೂ ಮಾಡಲಾರೆವೆ?

ಆದ್ದರಿಂದ ಕೂಟದ ಮುಂದೆ ಎರಡು ಬಿನ್ನಹ. ಮೊದಲನೆಯದು, ನಿಮ್ಮ ನಿಮ್ಮ ಗರಾಜು, ಅಟ್ಟ, ನೆಲಮಾಳಿಗೆಗಳಲ್ಲಿರುವ ಹಳೆಯ ಟೇಪುಗಳನ್ನು, ಕೂಟದ ಮೊದಮೊದಲ ರಾಜ್ಯೋತ್ಸವಗಳ ಕ್ಯಾಸೆಟ್ಟುಗಳನ್ನು ಮುಂದಿನ ಸಭೆಗೆ ತನ್ನಿ. ಮಗಳೂ ಅವಳ ಇಬ್ಬರು ಗೆಳೆಯರೂ ಕೂತು ಉಳಿದಷ್ಟನ್ನು ಉಳಿಸಿಕೊಡಲು ಒಪ್ಪಿದ್ದಾರೆ. ತಡಮಾಡಬೇಡಿ. ನಮ್ಮ ಮೂರರಲ್ಲಿ ಎರಡು ಹೋದವು.

ಎರಡನೆಯದು, ತಿಂಗಳಿಗೊಂದು ಶನಿವಾರ ಮಕ್ಕಳೊಂದಿಗೆ ಒಂದು ಚಿತ್ರ ನೋಡಿ. ಒಂದು ತಿಂಗಳು ನೀವು ಆರಿಸಿದ ಕನ್ನಡ ಚಿತ್ರ, ಮುಂದಿನ ತಿಂಗಳು ಅವರು ಆರಿಸಿದ್ದು. ಅವರದು ಬರುವಾಗ ನಿದ್ದೆ ಮಾಡಬೇಡಿ, ಫೋನು ನೋಡಬೇಡಿ. ಹೆಸರುಗಳೆಲ್ಲ ಓಡಿ ಮುಗಿಯುವವರೆಗೆ ಜೊತೆಗೇ ಕೂತಿರಿ. ಕಾರು ಎಲ್ಲಿಯೂ ಓಡಿಹೋಗುವುದಿಲ್ಲ.

ಊಟ ಸಿದ್ಧವಾಗಿದೆ ಎಂದು ಅಡಿಗೆಯವರು ಸನ್ನೆ ಮಾಡುತ್ತಿದ್ದಾರೆ. ಮಜ್ಜಿಗೆಗೆ ಉಪ್ಪು ಹಾಕಿದೆಯಂತೆ.